ಎನ್‌ಸಿಸಿ ಶಿಬಿರದಲ್ಲಿ ಗುಂಡು ಗುರಿಯ ನಡುವಿಗೆ ಬೀಳದಿದ್ದರೂ ‘ಚೆನ್ನಾಗಿದೆ’ ಎನ್ನುವುದೇಕೆ?

ಅಲ್ಲಿ ಮೊದಲು ಅಳೆಯುವುದು ಗುಂಡುಗಳು ನಡುವಿಗೆ ಎಷ್ಟು ಹತ್ತಿರ ಬಿದ್ದವು ಎಂಬುದನ್ನಲ್ಲ, ಒಂದಕ್ಕೊಂದು ಎಷ್ಟು ಹತ್ತಿರ ಬಿದ್ದವು ಎಂಬುದನ್ನು. ಇದಕ್ಕೆ ಗ್ರೂಪಿಂಗ್ ಎನ್ನುತ್ತಾರೆ.

ಶಾಲಾ ಕೆಡೆಟ್‌ಗಳು ನೆಲದ ಮೇಲೆ ಬೋರಲು ಮಲಗಿ, ಪಾಯಿಂಟ್ 22 ರೈಫಲ್‌ನಿಂದ 25 ಮೀಟರ್ ದೂರದ ಕಾಗದಕ್ಕೆ ಸಾಮಾನ್ಯವಾಗಿ ಐದು ಗುಂಡು ಹಾರಿಸುತ್ತಾರೆ. ಐದೂ ಎಡ ಮೂಲೆಯಲ್ಲಿ ಒಂದೇ ಗುಂಪಾಗಿ ಬಿದ್ದರೆ ಹಿಡಿತ, ಉಸಿರು, ಟ್ರಿಗರ್ ಒತ್ತುವ ಬೆರಳು ಐದು ಸಲವೂ ಒಂದೇ ರೀತಿ ಕೆಲಸ ಮಾಡಿವೆ ಎಂದರ್ಥ. ತಪ್ಪು ಇರುವುದು ರೈಫಲ್ ಮೇಲೆ ಗುರಿ ನೋಡಲು ಇರುವ ಪಟ್ಟಿಯ (ಸೈಟ್) ಹೊಂದಾಣಿಕೆಯಲ್ಲಿ; ಅದನ್ನು ತಿದ್ದಿದರೆ ಇಡೀ ಗುಂಪು ನಡುವಿಗೆ ಸರಿಯುತ್ತದೆ. ಕಾಗದದ ತುಂಬ ಚೆಲ್ಲಾಪಿಲ್ಲಿಯಾಗಿ ಬಿದ್ದ ಗುಂಡುಗಳಲ್ಲಿ ಒಂದು ನಡುವಿಗೇ ತಾಗಿದ್ದರೂ ಅದು ಬರೀ ಅದೃಷ್ಟ. ಅಲ್ಲಿ ಏನನ್ನು ತಿದ್ದುವುದು?

ನಳಿಕೆಯ ತುದಿಯ ಗುರಿಮೊನೆ ಒಂದು ಮಿಲಿಮೀಟರ್ ಸರಿದರೂ ಕಾಗದದ ಮೇಲೆ ಅದು ಮೂರು-ನಾಲ್ಕು ಸೆಂಟಿಮೀಟರ್ ಆಗುತ್ತದೆ. ಉಸಿರಾಡಿದಾಗ ಎದೆಯೊಂದಿಗೆ ಭುಜವೂ ಏರಿಳಿಯುವುದರಿಂದ ಗುಂಡುಗಳು ಮೇಲೆ ಕೆಳಗೆ ಹರಡುತ್ತವೆ. ಆದ್ದರಿಂದಲೇ ಅರ್ಧ ಉಸಿರು ಬಿಟ್ಟು, ತಡೆದು, ಟ್ರಿಗರ್ ಅನ್ನು ನಿಧಾನವಾಗಿ ಒತ್ತಲು ಹೇಳುತ್ತಾರೆ. ಸದ್ದಿಗೆ ಹೆದರಿ ಮೊದಲೇ ಕಣ್ಣು ಮುಚ್ಚುವವರೂ ಇದ್ದಾರೆ. ನಾನೂ ಹಾಗೆ ಮಾಡಿದ್ದೆ. ಐದು ಗುಂಡಿನ ಒಂದು ಸರದಿಗಾಗಿ ಖಾಲಿ ರೈಫಲ್ ಹಿಡಿಸಿ ಮತ್ತೆ ಮತ್ತೆ ಮಲಗಿಸುವುದು ಈ ಕಾರಣಕ್ಕೇ.