ಗಾಡಿ ಬಿಡದ ಮಗು, ಗಾಡಿ ಬಿಡಲಾಗದ ಅಮ್ಮ

ಅಜ್ಜಿ, ಅಮ್ಮ, ಮಗು ಸಲಹೆ ಕೇಳಲು ಒಳಗೆ ಬಂದು ಕೂತಾಗ ನನ್ನ ಕಣ್ಣು ಮೊದಲು ಹೋಗಿದ್ದು ಮಗುವಿನ ಶೂ ಕಡೆಗೆ. ಅಡಿಭಾಗ ಅಂಗಡಿಯಿಂದ ತಂದ ಹಾಗೇ ಇತ್ತು. ಒಂದು ಗೆರೆಯೂ ಸವೆದಿರಲಿಲ್ಲ. ಆದರೆ ಎರಡೂ ಶೂಗಳ ಮೂತಿ ಉಜ್ಜಿ ಉಜ್ಜಿ ಬಿಳಿಚಿಕೊಂಡಿತ್ತು. ಬಲಗಾಲಿನದರಲ್ಲಿ ಹೊಲಿಗೆಯೇ ಬಿಟ್ಟಿತ್ತು. ಸ್ಟ್ರೋಲರ್‌ನಲ್ಲಿ, ಅಂದರೆ ಮಕ್ಕಳನ್ನು ಕೂರಿಸಿ ತಳ್ಳುವ ಗಾಡಿಯಲ್ಲಿ, ಕೂತ ಮಗುವಿನ ಕಾಲು ನೆಲಕ್ಕೆ ತಾಗುವಷ್ಟು ಉದ್ದ ಬೆಳೆದಾಗ ಹೀಗಾಗುತ್ತದೆ. ನಡೆದ ಶೂ ಅಡಿಯಲ್ಲಿ ಸವೆಯುತ್ತದೆ, ನೆಲಕ್ಕೆ ಎಳೆದ ಶೂ ಮೂತಿಯಲ್ಲಿ.

ಈ ಬರಹಕ್ಕೆ ಮನೆಯವರ ಒಪ್ಪಿಗೆ ಇದೆ. ಹೆಸರುಗಳು ನಿಜವಲ್ಲ, ಗುರುತು ಸಿಗುವಂಥ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಮಗುವನ್ನು ಮಿನ್ನು ಅನ್ನೋಣ, ತಾಯಿಯನ್ನು ರೇಖಾ ಅನ್ನೋಣ. ರೇಖಾ ಇಂಗ್ಲೆಂಡಿನಲ್ಲಿ ಆರು ವರ್ಷ ಇದ್ದರು. ಐದು ತಿಂಗಳ ಹಿಂದೆ ಇಬ್ಬರೂ ಮೈಸೂರಿಗೆ ವಾಪಸ್ ಬಂದಿದ್ದರು. ಗಂಡ ಅಲ್ಲಿನ ಕೆಲಸ ಮುಗಿಸಿ ಬರುವುದಕ್ಕೆ ಇನ್ನೂ ಸಮಯವಿತ್ತು. ರೇಖಾ ಇರುವುದು ಅತ್ತೆಯ ಮನೆಯಲ್ಲಿ. ಮೈದುನನ ಸಂಸಾರವೂ ಸೇರಿ ಮನೆಯಲ್ಲಿ ಎಂಟು ಜನ. ಅವರ ಆಫೀಸ್ ಕೆಲಸ ಆನ್‌ಲೈನ್‌ನಲ್ಲಿ ಇಂಗ್ಲೆಂಡಿನ ಸಮಯಕ್ಕೆ ನಡೆಯುತ್ತದೆ. ಮಧ್ಯಾಹ್ನ ಒಂದೂವರೆಗೆ ಲ್ಯಾಪ್‌ಟಾಪ್ ತೆರೆದರೆ ಮುಚ್ಚುವಾಗ ರಾತ್ರಿ ಒಂಬತ್ತೂವರೆ.

ಮಾತು ಶುರು ಮಾಡಿದ್ದು ಅಜ್ಜಿ.

"ನೋಡಿ ಮೇಡಂ, ನಾಲ್ಕು ತುಂಬಿ ಎರಡು ತಿಂಗಳಾಯ್ತು. ನಮ್ಮ ಮಕ್ಕಳು ಈ ವಯಸ್ಸಿಗೆ ಬೀದಿ ತುಂಬಾ ಓಡಾಡ್ತಿದ್ವು. ಇವಳು ಗೇಟು ದಾಟಿದ್ರೆ ಸಾಕು, ಗಾಡಿ ಬೇಕು ಅಂತಾಳೆ. ಮೊನ್ನೆ ಪಕ್ಕದ ಮನೆಯವರು ಕೇಳಿದ್ರು, ಮಗುಗೆ ಕಾಲಲ್ಲಿ ಏನಾದ್ರೂ ತೊಂದರೆನಾ ಅಂತ. ನನಗೆ ತಲೆ ಎತ್ತೋಕಾಗ್ಲಿಲ್ಲ."

ಅಜ್ಜಿ ಇದನ್ನು ಹೇಳುತ್ತಿದ್ದಾಗ ಮಿನ್ನು ಎರಡೂ ಕಾಲು ಮೇಲೆ ಎಳೆದುಕೊಂಡು ಫ್ರಾಕಿನೊಳಗೆ ಮುಚ್ಚಿಕೊಂಡಳು. ರೇಖಾ ಏನೂ ಮಾತಾಡಲಿಲ್ಲ. ಅವರ ಒಂದು ಕೈ ಪಕ್ಕದಲ್ಲಿ ನಿಲ್ಲಿಸಿದ್ದ ಗಾಡಿಯ ಹಿಡಿಯ ಮೇಲಿತ್ತು. ಅದನ್ನು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದರು. ಮಗು ಕುರ್ಚಿಯಲ್ಲಿ ಕೂತಿತ್ತು. ಗಾಡಿ ಖಾಲಿ ಇತ್ತು.

ಆ ತೂಗಾಟವನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಆದರೆ ಅದನ್ನು ಕೇಳುವುದಕ್ಕೆ ಮೊದಲು ಮಾಡಬೇಕಾದ ಕೆಲಸ ಬೇರೆ ಇತ್ತು. ನಾಲ್ಕು ವರ್ಷದ ಮಗು "ಕಾಲು ನೋವು, ಎತ್ಕೋ" ಅಂದರೆ ಅದು ಹಟ ಅಂತ ತೀರ್ಮಾನ ಮಾಡುವ ಹಕ್ಕು ನನಗಿಲ್ಲ. ಮಕ್ಕಳ ಡಾಕ್ಟರ್ ಹತ್ತಿರ ಕಳಿಸಿದೆ. ಕೆಳಗೆ ಕೂತ ಮಗು ಏಳುವಾಗ ಮೊಣಕಾಲು, ತೊಡೆ ಮೇಲೆ ಕೈ ಊರಿ ಏಣಿ ಹತ್ತಿದ ಹಾಗೆ ಏಳುತ್ತದಾ? ಯಾವಾಗಲೂ ತುದಿಗಾಲಲ್ಲೇ ನಡೆಯುತ್ತದಾ? ಓರಗೆಯ ಮಕ್ಕಳಿಗಿಂತ ಜಾಸ್ತಿ ಬೀಳುತ್ತದಾ? ಮೆಟ್ಟಿಲು ಹತ್ತಲು ಒದ್ದಾಡುತ್ತದಾ? ಬೆಳಿಗ್ಗೆ ಎದ್ದ ಕೂಡಲೇ ಕುಂಟುತ್ತದಾ? ಒಂದೇ ಕಾಲು ನೋಯುತ್ತದಾ, ಕೀಲು ಊದಿದೆಯಾ? ಇವುಗಳಲ್ಲಿ ಒಂದು ಇದ್ದರೂ ಮೊದಲು ಡಾಕ್ಟರು, ಆಮೇಲೆ ನಾನು. ಕೆಲವು ಸ್ನಾಯುರೋಗಗಳು ಕಣ್ಣಿಗೆ ಬೀಳುವುದು ಹೆಚ್ಚಾಗಿ ಈ ವಯಸ್ಸಿನಲ್ಲೇ. ಹಾಗೇ, ದಿನವಿಡೀ ಆಡಿದ ಮಗು ರಾತ್ರಿ ಎರಡೂ ಕಾಲು ನೋವು ಅಂತ ಅತ್ತು, ಬೆಳಿಗ್ಗೆ ಏನೂ ಆಗದ ಹಾಗೆ ಓಡುತ್ತಿದ್ದರೆ ಅದು ಸಾಮಾನ್ಯವಾಗಿ ಭಯಪಡುವ ವಿಷಯ ಅಲ್ಲ. ಸ್ವಲ್ಪ ಕಾಲು ಒತ್ತಿದರೆ ಸಾಕಾಗುತ್ತದೆ.

ಮಿನ್ನುವಿನ ಕಾಲು ಚೆನ್ನಾಗಿಯೇ ಇತ್ತು. ಆದರೆ ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಸ್ವಲ್ಪ ಕಮ್ಮಿ ಬಂತು. ದಿನಕ್ಕೆ ನಾಲ್ಕೈದು ಲೋಟ ಹಾಲು ಕುಡಿದು ಊಟ ಬಿಡುತ್ತಿದ್ದಳು. ಹಾಲು ಅತಿಯಾದರೆ ಕಬ್ಬಿಣದ ಅಂಶ ಕಮ್ಮಿಯಾಗುತ್ತದೆ. ಹಾಲು ಎರಡು ಲೋಟಕ್ಕೆ ಇಳಿಯಿತು, ಡಾಕ್ಟರು ಸಿರಪ್ ಬರೆದುಕೊಟ್ಟರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಕ್ಕಳಿಗೆ ರಕ್ತಹೀನತೆ ಕಂಡುಬಂದಿತ್ತು. "ಸೋಮಾರಿ" ಅಂತ ಬೈಸಿಕೊಳ್ಳುವ ಎಷ್ಟು ಮಕ್ಕಳು ನಿಜಕ್ಕೂ ಸುಸ್ತಾಗಿರುತ್ತಾರೋ ಅಂತ ನನಗೆ ಸಂಕಟವಾಗುತ್ತದೆ. ಮಿನ್ನುಗೂ ದಣಿವು ಸುಳ್ಳಾಗಿರಲಿಲ್ಲ.

ಎರಡನೇ ಸಲ ರೇಖಾ ಒಬ್ಬರನ್ನೇ ಕರೆದೆ.

"ಗಾಡೀಲಿ ಯಾವ ಹೊತ್ತಿಗೆ ಹೋಗ್ತೀರಿ?"

"ಬೆಳಿಗ್ಗೆ ಆರೂವರೆಗೆ. ಕುಕ್ಕರಹಳ್ಳಿ ಕೆರೆಗೆ. ಏಳೂಮುಕ್ಕಾಲಿಗೆ ವಾಪಸ್."

"ಆಮೇಲೆ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆಮೇಲೆ ಅವಳು ಎಲ್ಲರ ಮಗು, ಮೇಡಂ. ಅಜ್ಜಿ ಸ್ನಾನ ಮಾಡಿಸ್ತಾರೆ, ಚಿಕ್ಕಮ್ಮ ತಿಂಡಿ ತಿನ್ನಿಸ್ತಾರೆ, ಸ್ಕೂಲಿಗೆ ಚಿಕ್ಕಪ್ಪ ಬಿಡ್ತಾರೆ. ಎಲ್ಲರೂ ತುಂಬಾ ಒಳ್ಳೆಯವರು. ಆದ್ರೆ ನನ್ನ ಜೊತೆ ಇರೋದು ಅದೊಂದು ಗಂಟೆ."

ಮತ್ತೆ ಕೇಳದೇ ಉಳಿದ ಕಥೆ ಹೊರಗೆ ಬಂತು. ಮಿನ್ನು ಹುಟ್ಟಿದ್ದು 2020ರ ನವೆಂಬರ್‌ನಲ್ಲಿ. ಇಂಗ್ಲೆಂಡಿನಲ್ಲಿ ಆಗ ಎರಡನೇ ಲಾಕ್‌ಡೌನ್. ಬಾಣಂತನಕ್ಕೆ ಬರಬೇಕಿದ್ದ ರೇಖಾ ಅವರ ತಾಯಿ ಮೈಸೂರಿನಲ್ಲೇ ಉಳಿದರು. ಡಿಸೆಂಬರ್ ಕೊನೆಯಲ್ಲಿ ಎರಡು ದೇಶಗಳ ನಡುವೆ ವಿಮಾನ ಕೂಡ ಕೆಲವು ದಿನ ನಿಂತುಹೋಯಿತು. ಜನವರಿಯಲ್ಲಿ ಮತ್ತೆ ಲಾಕ್‌ಡೌನ್. ಸಾಮಾನ್ಯವಾಗಿ ಬೇರೆಯವರ ಮನೆಗೆ ಹೋಗುವ ಹಾಗಿಲ್ಲ, ಬೇರೆಯವರು ಬರುವ ಹಾಗಿಲ್ಲ. ತೀರಾ ಅಗತ್ಯದ ಕೆಲಸ ಬಿಟ್ಟರೆ, ವ್ಯಾಯಾಮಕ್ಕೆ ಅಂತ ಹೊರಗೆ ನಡೆಯಲು ಮಾತ್ರ ಅವಕಾಶ. ಸಂಜೆ ನಾಲ್ಕಕ್ಕೆಲ್ಲ ಕತ್ತಲಾಗುವ ಚಳಿಗಾಲ. ರೇಖಾ ದಿನಾ ಕಾಲುವೆ ಪಕ್ಕದ ದಾರಿಯಲ್ಲಿ ಗಾಡಿ ತಳ್ಳಿಕೊಂಡು ನಡೆಯುತ್ತಿದ್ದರು.

"ತಲೆಗೆ ನೀರು ಹಾಕೋರಿಲ್ಲ, ಮಗು ಎತ್ಕೊಳೋರಿಲ್ಲ. ಗಾಡಿ ತಳ್ತಾ ಇದ್ರೆ ಅವಳು ಮಲಗ್ತಿದ್ಲು, ನಾನು ಅಳ್ತಿದ್ದೆ. ನನಗೆ ಬಾಣಂತನ ಮಾಡಿದ್ದು ಆ ಗಾಡಿ."

ಇಷ್ಟು ವರ್ಷದಲ್ಲಿ ಅವರು ಇದನ್ನು ಯಾರಿಗೂ ಹೇಳಿರಲಿಲ್ಲ. ಅತ್ತೆಗೂ ಇಲ್ಲ, ಗಂಡನಿಗೂ ಇಲ್ಲ.

ಮನೆಯವರೆಲ್ಲ ಮಗುವಿನ ಕಾಲನ್ನೇ ನೋಡುತ್ತಿದ್ದರು. ಆ ಒಂದು ಗಂಟೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾನು ರೇಖಾಗೆ ಇನ್ನೊಂದು ವಿಷಯ ಕೇಳಿದೆ: ಗಾಡಿ ತಳ್ಳುವಾಗ ನಿಮ್ಮ ಫೋನ್ ಎಲ್ಲಿರುತ್ತದೆ? ಬ್ಯಾಗಿನಲ್ಲಿ, ಎರಡೂ ಕೈ ಹಿಡಿಯ ಮೇಲಿರುತ್ತಲ್ವಾ ಅಂದರು. ಮಿನ್ನು ನಿಮ್ಮ ಜೊತೆ ನಡೆದು ಬಂದರೆ? ಒಂದು ಕೈ ಖಾಲಿ ಇರುತ್ತದೆ, ಫೋನ್ ಅದರಲ್ಲಿ. ಹೇಳುತ್ತಾ ಹೇಳುತ್ತಾ ಅವರಿಗೇ ಅರ್ಥವಾಯಿತು. ಮಗುವಿನ ಲೆಕ್ಕ ಬಹಳ ಸರಳ. ಗಾಡಿಯಲ್ಲಿ ಕೂತರೆ ಪೂರ್ತಿ ಅಮ್ಮ ಸಿಗುತ್ತಾಳೆ, ಇಳಿದರೆ ಅರ್ಧ.

ಹಾಗಂತ ಗಾಡಿ ಹೀಗೇ ಇರಲಿ ಅನ್ನುವ ಹಾಗಿರಲಿಲ್ಲ. ಅದರ ಕೆಳಗಿನ ಚೀಟಿಯಲ್ಲಿ 15 ಕೆ.ಜಿ.ವರೆಗೆ ಅಂತ ಬರೆದಿತ್ತು. ಯುರೋಪಿನ ಮಾನದಂಡದಲ್ಲಿ ಒಂದು ಬಗೆಯ ಗಾಡಿ 15 ಕೆ.ಜಿ.ವರೆಗೆ, ಇನ್ನೊಂದು ಬಗೆ 22 ಕೆ.ಜಿ.ವರೆಗೆ. ನಾಲ್ಕು ವರ್ಷದ ಹೆಣ್ಣುಮಗುವಿನ ಸಾಧಾರಣ ತೂಕವೇ 16 ಕೆ.ಜಿ. ಆಸುಪಾಸು. ಮಿನ್ನು 16.4 ಇದ್ದಳು. ಒಂದು ದಿನ ಹಿಡಿಗೆ ತರಕಾರಿ ಬ್ಯಾಗ್ ನೇತುಹಾಕಿದ್ದಾಗ ಅವಳು ಚಕ್ಕನೆ ಇಳಿದಳು, ಗಾಡಿ ಹಿಂದಕ್ಕೆ ಉರುಳಿತು. ಅವಳು ಒಳಗೇ ಇದ್ದು ಹಿಂದಕ್ಕೆ ಒರಗಿದ್ದರೆ ತಲೆಗೆ ಪೆಟ್ಟಾಗುತ್ತಿತ್ತು. ದಯವಿಟ್ಟು ಹಿಡಿಗೆ ಭಾರ ನೇತುಹಾಕಬೇಡಿ.

ಎಷ್ಟು ವಯಸ್ಸಿಗೆ ಬಿಡಿಸಬೇಕು ಅಂತ ನನ್ನನ್ನು ತುಂಬಾ ಜನ ಕೇಳುತ್ತಾರೆ. ಒಂದು ತಾರೀಕು ಇಲ್ಲ. ಮಕ್ಕಳು ಸಾಮಾನ್ಯವಾಗಿ ಒಂದೂವರೆ ವರ್ಷದೊಳಗೆ ತಾವೇ ನಡೆಯುತ್ತಾರೆ, ಆದರೆ ದೂರ ನಡೆಯುವ ತ್ರಾಣ ಬರಲು ಇನ್ನೆರಡು ವರ್ಷ ಬೇಕು. ಮೂರು ವರ್ಷದ ಹೊತ್ತಿಗೆ ದಿನನಿತ್ಯದ ಹತ್ತಿರದ ದಾರಿಗೆ ಗಾಡಿ ಬೇಡವಾಗುತ್ತಾ ಬರಬೇಕು. ನಾಲ್ಕರ ಹೊತ್ತಿಗೆ ಅದು ವಿಮಾನ ನಿಲ್ದಾಣ, ಮೈಸೂರಿನ ಮೃಗಾಲಯ ಇಂಥ ದೊಡ್ಡ ಓಡಾಟದ ದಿನಕ್ಕೆ ಮಾತ್ರ ಉಳಿದರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವುದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಪುಟ್ಟ ಮಕ್ಕಳನ್ನು ಗಾಡಿಯಲ್ಲೋ ಬೆಲ್ಟಿನ ಕುರ್ಚಿಯಲ್ಲೋ ಒಂದೇ ಸಮನೆ ಒಂದು ಗಂಟೆಗಿಂತ ಜಾಸ್ತಿ ಕೂರಿಸಬಾರದು. 3–4 ವರ್ಷದ ಮಕ್ಕಳಿಗೆ ದಿನಕ್ಕೆ ಒಟ್ಟು 180 ನಿಮಿಷ ಓಡಾಟ ಬೇಕು, ಅದರಲ್ಲಿ 60 ನಿಮಿಷ ಮೈ ಬೆವರುವಂಥ ಆಟ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಸ್ನಾಯು ದುರ್ಬಲತೆ ಇರುವ ಮಕ್ಕಳಿಗೆ ಈ ಲೆಕ್ಕ ಹಾಕಬಾರದು. ಏಳು ವರ್ಷದ ಮಗು ಗಾಡಿಯಲ್ಲಿ ಕೂತಿದ್ದು ಕಂಡರೆ ದಾರಿ ಬಿಡಿ, ಪ್ರಶ್ನೆ ಕೇಳಬೇಡಿ.

ಅಜ್ಜಿಯ ಜೊತೆಗೂ ಒಂದು ದಿನ ಕೂತೆ. ಇಂಗ್ಲೆಂಡಿನಲ್ಲಿ ಕಾರಿಲ್ಲದ ಮನೆಗೆ ಗಾಡಿಯೇ ಕಾಲು. ಅಂಗಡಿಗೆ, ಬಸ್ಸಿಗೆ, ಪಾರ್ಕಿಗೆ ಎಲ್ಲಕ್ಕೂ ನಡಿಗೆ. ಫುಟ್‌ಪಾತ್ ಇಳಿಜಾರಾಗಿರುತ್ತದೆ, ಬಸ್ಸಿನಲ್ಲಿ ಗಾಡಿ ನಿಲ್ಲಿಸಲು ಜಾಗವಿರುತ್ತದೆ. ಅಲ್ಲಿ ಮೂರು, ಮೂರೂವರೆ ವರ್ಷದ ಮಗು ಗಾಡಿಯಲ್ಲಿ ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ಇಷ್ಟು ಹೇಳಿ, ನಿಮ್ಮ ಇನ್ನೊಬ್ಬ ಮೊಮ್ಮಗ ಅಂಗಡಿಗೆ ಹೇಗೆ ಹೋಗುತ್ತಾನೆ ಅಂತ ಕೇಳಿದೆ. "ಸ್ಕೂಟರಲ್ಲಿ, ಅವರಪ್ಪನ ಮುಂದೆ ನಿಂತ್ಕೊಂಡು." ಅವನಿಗೂ ಐದು ತುಂಬಿಲ್ಲ. ಅವನ ಕಾಲಿನ ಬಗ್ಗೆ ಯಾರೂ ಕೇಳಿಲ್ಲ. ಅಜ್ಜಿ ಒಂದು ನಿಮಿಷ ಯೋಚನೆ ಮಾಡಿ, "ಹೌದಲ್ವಾ" ಅಂದರು. ಆ ಹೆಂಗಸಿನ ದೊಡ್ಡತನ ನನಗೆ ಇಷ್ಟವಾಯಿತು. ಮಗುವಿನ ಮುಂದೆ ಅದರ ಕಾಲಿನ ಮಾತು ಎತ್ತುವುದಿಲ್ಲ, ಬೇರೆಯವರು ಎತ್ತಿದರೆ "ನಡೀತಾಳೆ ಬಿಡಿ, ನಮಗೇನು ಅವಸರ" ಅಂತ ಅಲ್ಲೇ ಮುಗಿಸುತ್ತೇನೆ ಅಂತ ಒಪ್ಪಿಕೊಂಡರು. ನಾನು ಈ ಕೇಸಿನಲ್ಲಿ ಕೊಟ್ಟ ಸಲಹೆಗಳಲ್ಲಿ ಜಾಸ್ತಿ ಕೆಲಸ ಮಾಡಿದ್ದು ಇದೇ ಅಂತ ಈಗಲೂ ಅನ್ನಿಸುತ್ತದೆ.

ರೇಖಾಗೆ ಕೊಟ್ಟ ಸಲಹೆಯ ತಿರುಳು ಒಂದೇ: ಆ ಗಂಟೆಯನ್ನು ಮುಟ್ಟಬೇಡಿ. ಅದೇ ಹೊತ್ತು, ಅದೇ ಕೆರೆ, ಅವರಿಬ್ಬರೇ. ಫೋನ್ ಬ್ಯಾಗಿನಲ್ಲೇ ಇರಲಿ. ಗಾಡಿಯೂ ಜೊತೆಗೆ ಬರಲಿ, ಆದರೆ ಹೋಗುವಾಗ ಅದನ್ನು ತಳ್ಳುವುದು ಮಿನ್ನು. ಅವಳ ನೀರಿನ ಬಾಟಲಿ, ಸ್ವೆಟರ್, ಒಂದು ಬಾಳೆಹಣ್ಣು ಒಳಗೆ. ಕೂರಬೇಕು ಅಂದರೆ ಕೂರಲಿ, ಮುಖ ಗಂಟು ಹಾಕುವುದು ಬೇಡ. ನಾಲ್ಕು ವರ್ಷದ ಮಗುವಿನ ಜೊತೆ ನಡೆಯುವಾಗ ದಾರಿಯೇ ಊರು. ಇರುವೆ ಸಾಲು, ಹೊಂಗೆ ಕಾಯಿ, ನಾಯಿಮರಿ ಎಲ್ಲಕ್ಕೂ ನಿಲ್ಲಬೇಕು. ಬೇಗ ಬೇಗ ಅನ್ನುವುದಾದರೆ ಅವತ್ತು ಗಾಡಿಯೋ ಆಟೋನೋ ವಾಸಿ.

ಚಾಕೊಲೇಟ್ ಆಸೆ ಬೇಡ ಅಂದೆ. "ನಡೀದಿದ್ರೆ ಗಾಡಿ ಯಾರಿಗಾದ್ರೂ ಕೊಟ್ಬಿಡ್ತೀನಿ" ಅನ್ನುವುದಂತೂ ಬೇಡವೇ ಬೇಡ. ಸುಸ್ತಾದರೆ ಕಲ್ಲುಬೆಂಚಿನ ಮೇಲೆ ಕೂತು ಹಣ್ಣು ತಿನ್ನುವುದು. ಇನ್ನೂ ಆಗಲ್ಲ ಅಂದರೆ ಇಪ್ಪತ್ತು ಹೆಜ್ಜೆ ಉಪ್ಪುಮೂಟೆ, ಇಬ್ಬರೂ ಸೇರಿ ಎಣಿಸಿಕೊಂಡು. ಮುಖ್ಯರಸ್ತೆಯಲ್ಲಿ ಮಗು ಗೋಡೆ ಕಡೆ, ಅಮ್ಮ ವಾಹನಗಳು ಹೋಗುವ ಕಡೆ. ಬೆರಳು ಕೊಟ್ಟರೆ ಸಾಲದು, ಮಣಿಕಟ್ಟು ಹಿಡಿದುಕೊಳ್ಳಿ, ಮಕ್ಕಳು ಬೆರಳನ್ನು ಥಟ್ಟನೆ ಬಿಡಿಸಿಕೊಳ್ಳುತ್ತವೆ.

ಎರಡನೇ ವಾರ ಚೆನ್ನಾಗಿ ನಡೆಯುತ್ತಿದೆ ಅಂತ ಕೇಳಿ, ಒಂದು ದಿನ ಗಾಡಿ ಮನೆಯಲ್ಲೇ ಬಿಟ್ಟು ನೋಡಿ ಅಂದೆ. ಅದು ನನ್ನ ತಪ್ಪು ಲೆಕ್ಕ. ಕೆರೆಯ ಗೇಟಿನ ಹತ್ತಿರ ಮಿನ್ನು ನೆಲದ ಮೇಲೆ ಕೂತುಬಿಟ್ಟಳಂತೆ. ಇಪ್ಪತ್ತು ನಿಮಿಷ ಅಳು. ಹೋಗುವವರು ಬರುವವರೆಲ್ಲ ನಿಂತು ಬುದ್ಧಿ ಹೇಳಿದರು. ರೇಖಾ ಕಣ್ಣೀರು ಹಾಕಿಕೊಂಡು ಅವಳನ್ನು ಹೊತ್ತು ಮನೆಗೆ ತಂದರು. ಅವತ್ತೇ ಫೋನಿನಲ್ಲಿ ಕ್ಷಮೆ ಕೇಳಿ, ಮಾರನೇ ದಿನದಿಂದ ಗಾಡಿ ವಾಪಸ್ ಅಂದೆ. ಬಿಡಿಸುವ ವೇಗ ನಾವು ಗೊತ್ತುಮಾಡಬಾರದು. ಆಮೇಲೆ ಒಂದು ದಾರಿ ಹುಡುಕಿದೆವು. ಗೇಟಿನವರೆಗೆ ಗಾಡಿ ಬರುತ್ತದೆ, ಅಲ್ಲಿ ವಾಚ್‌ಮನ್ ಹತ್ತಿರ ನಿಲ್ಲುತ್ತದೆ. ಏರಿಯ ಮೇಲೆ ಎಷ್ಟು ದೂರ ಹೋಗಬೇಕು ಅಂತ ದಿನಾ ಮಿನ್ನುನೇ ಒಂದು ಮರ ತೋರಿಸುತ್ತಾಳೆ. ಆ ಮರ ಮುಟ್ಟಿ ವಾಪಸ್. ಗಾಡಿ ಕಾಯುತ್ತಿರುತ್ತದೆ ಅಂತ ಗೊತ್ತಿದ್ದರೆ ಮಗುವಿಗೆ ಧೈರ್ಯ.

ಒಂದು ಬೆಳಿಗ್ಗೆ ನೀರಿನ ಹತ್ತಿರ ಹೆಜ್ಜಾರ್ಲೆ ಹಕ್ಕಿಗಳು ಸಾಲಾಗಿ ಕೂತಿದ್ದನ್ನು ನೋಡಿ ಅವಳು ಮರ ಮುಟ್ಟುವುದನ್ನೇ ಮರೆತು ಮುಂದೆ ಓಡಿದಳು. ಬಹಳ ದೂರ. ವಾಪಸ್ ಬರುವಾಗ ಎರಡು ಸಲ ಉಪ್ಪುಮೂಟೆ ಆಯಿತು, ಗಾಡಿಯ ನೆನಪಾಗಲಿಲ್ಲ. ಗೇಟು ದಾಟಿ ಅರ್ಧ ದಾರಿಗೆ ಬಂದ ಮೇಲೆ ರೇಖಾಗೇ ನೆನಪಾಗಿ, ಇಬ್ಬರೂ ತಿರುಗಿ ಹೋಗಿ ತಂದರು. ತಳ್ಳಿದ್ದು ಮಿನ್ನು.

ಮಾರ್ಚ್ ಕೊನೆಯ ಹೊತ್ತಿಗೆ ಗಾಡಿ ಕೇಳುವುದು ನಿಂತಿತ್ತು. ಸಂಜೆ ಅಜ್ಜಿಯ ಜೊತೆ ಹೂವಿನ ಅಂಗಡಿಗೆ ನಡೆದು ಹೋಗುತ್ತಾಳೆ, ಮೊಳ ಹಾಕುವುದನ್ನು ಕಣ್ಣು ಬಿಟ್ಟುಕೊಂಡು ನೋಡುತ್ತಾಳೆ. ರೇಖಾ ತಮ್ಮ ಬಾಣಂತನದ ಕಥೆಯನ್ನು ಅತ್ತೆಗೆ ಹೇಳಿದರು. ಅತ್ತೆ ಏನೂ ಮಾತಾಡದೆ ಮಾರನೇ ದಿನ ಎಣ್ಣೆ ಕಾಯಿಸಿ, ಸೊಸೆಯನ್ನು ಮಣೆ ಮೇಲೆ ಕೂರಿಸಿ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದರಂತೆ. ನಾಲ್ಕು ವರ್ಷ ತಡವಾಗಿ.

ಗಾಡಿಯನ್ನು ಯಾರಿಗಾದರೂ ಕೊಡಬೇಕಾ ಅಂತ ರೇಖಾ ಕೇಳಿದರು. ಬೇಡ, ಅಟ್ಟದ ಮೇಲೆ ಇರಲಿ, ಕೊಡಬೇಕು ಅನ್ನಿಸಿದ ದಿನ ಕೊಡಿ ಅಂದೆ. ಹೆರಿಗೆಯ ನಂತರದ ಆ ಕತ್ತಲೆ ಅವರಲ್ಲಿ ಪೂರ್ತಿ ಕಳೆದಿಲ್ಲ. ಹಾಗಿರುವ ಬೇರೆ ತಾಯಂದಿರು ಇದನ್ನು ಓದುತ್ತಿದ್ದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ವರ್ಷಗಳು ಕಳೆದಿದ್ದರೂ ಪರವಾಗಿಲ್ಲ.

ಮಿನ್ನುವಿನ ಫೈಲ್ ಮುಚ್ಚಿದ್ದೇನೆ. ರೇಖಾ ಅವರದು ತೆರೆದೇ ಇದೆ. ಮುಂದಿನ ಗುರುವಾರ ಹನ್ನೊಂದಕ್ಕೆ ಬರುತ್ತಾರೆ.