ಕಾಲೇಜು ಲೈಬ್ರರಿ ಚಂದಾ ಕಟ್ಟಿದ್ದರೂ ಸಂಶೋಧನಾ ಪತ್ರಿಕೆಯ ಪೂರ್ತಿ ಲೇಖನ ಯಾಕೆ ತೆರೆಯುವುದಿಲ್ಲ?

ಬಹುತೇಕ ಸಲ ತೊಂದರೆ ನೀವು ಕೂತ ಜಾಗದ್ದು. ಪ್ರಕಾಶಕರ ಸೈಟು ಸಾಮಾನ್ಯವಾಗಿ ಗುರುತು ಹಿಡಿಯುವುದು ಕಾಲೇಜಿನ ಐಪಿ ವಿಳಾಸವನ್ನು (ಇಂಟರ್ನೆಟ್ ಸಂಪರ್ಕದ ಗುರುತು ಸಂಖ್ಯೆ), ನಿಮ್ಮನ್ನಲ್ಲ. ಕ್ಯಾಂಪಸ್ ವೈಫೈನಲ್ಲಿ ಸಲೀಸಾಗಿ ಇಳಿದ ಪಿಡಿಎಫ್ಅನ್ನೇ ವಿಜಯನಗರದ ಪಿಜಿಯಲ್ಲಿ ಮೊಬೈಲ್ ಡೇಟಾ ಹಾಕಿ ತೆರೆಯಿರಿ: ಸಾರಾಂಶ ತೋರಿಸಿ, ಕೆಳಗೆ ಡಾಲರ್ ಲೆಕ್ಕದಲ್ಲಿ ದುಡ್ಡು ಕೇಳುತ್ತದೆ. ಕ್ಯಾಂಪಸ್ಸಿನಲ್ಲೇ ಇದ್ದರೂ ಫೋನು ವೈಫೈ ಬಿಟ್ಟು ಡೇಟಾಗೆ ಹಾರಿದ್ದರೆ ಅದೇ ಕಥೆ. ಇದು ಗೊತ್ತಾಗದೆ ನಾನು ಅರ್ಧ ದಿನ ಸುಮ್ನೆ ತಲೆ ಕೆಡಿಸಿಕೊಂಡಿದ್ದೆ.

ಹೊರಗಿನಿಂದ ಓದಲು, ಕಾಲೇಜು ಲೈಬ್ರರಿಗಳನ್ನು ಜೋಡಿಸುವ ಸರ್ಕಾರಿ ಸಂಸ್ಥೆ ಇನ್‌ಫ್ಲಿಬ್‌ನೆಟ್ ನಡೆಸುವ ಇನ್‌ಫೆಡ್ ಲಾಗಿನ್ ಇದೆ. ಆದರೆ ನಿಮ್ಮ ಕಾಲೇಜು ಅದಕ್ಕೆ ಸೇರಿರಬೇಕು. ಲೈಬ್ರರಿಗೆ ಹೋಗಿ ಕೇಳಿ. ಇಂಥದ್ದೊಂದು ಇದೆ ಅಂತ ಕೇಳದೆ ಯಾರೂ ಹೇಳುವುದಿಲ್ಲ!

ಇನ್ನೊಂದು, ಆ ಪತ್ರಿಕೆಗೆ ಚಂದಾ ಇಲ್ಲದೆಯೂ ಇರಬಹುದು. 2025ರ ಜನವರಿಯಲ್ಲಿ ಶುರುವಾದ ಕೇಂದ್ರದ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳಿವೆ. ಆದರೆ ಮೊದಲ ಹಂತದಲ್ಲಿ ಅದು ಸರ್ಕಾರಿ ಸಂಸ್ಥೆಗಳಿಗೆ. ಬೆಂಗಳೂರಿನಲ್ಲಿ ಖಾಸಗಿ ಕಾಲೇಜುಗಳೇ ಜಾಸ್ತಿ ಅಲ್ವಾ? ಅವು ತಮ್ಮ ದುಡ್ಡಿನಲ್ಲಿ ಕೊಳ್ಳಬೇಕು, ಹಾಗಾಗಿ ಪಟ್ಟಿ ಚಿಕ್ಕದಾಗುತ್ತದೆ. ಕೆಲವು ಡೇಟಾಬೇಸ್‌ಗಳಲ್ಲಿ ಹೊಸ ಸಂಚಿಕೆಗಳು ತಿಂಗಳುಗಟ್ಟಲೆ ತಡವಾಗಿ ಬರುತ್ತವೆ.

ಏನೂ ಆಗದಿದ್ದರೆ ಗೂಗಲ್ ಸ್ಕಾಲರ್‌ನಲ್ಲಿ ಅದೇ ಲೇಖನದ ಬೇರೆ ಆವೃತ್ತಿಗಳನ್ನು ನೋಡಿ. ಲೇಖಕರೇ ಹಾಕಿದ ಪ್ರತಿ ಸಿಗಬಹುದು. ಪಿಎಚ್‌ಡಿ ಪ್ರಬಂಧವಾದರೆ ಶೋಧಗಂಗಾ ಎಂಬ ಪ್ರಬಂಧಗಳ ಸೈಟಿನಲ್ಲಿ ಹುಡುಕಿ, ಅಲ್ಲಿ ಲಾಗಿನ್ನೂ ಬೇಡ, ಕಾಸೂ ಬೇಡ.