ದುಬಾರಿ ಕೇಬಲ್‌ಗೆ ಮೊದಲು ಪ್ಲಸ್ ಮೈನಸ್ ನೋಡಿ

ಪ್ರಶ್ನೆ: ಹಾಲ್‌ಗೆ ಹೊಸ ಆಂಪ್ಲಿಫೈಯರ್, ಎರಡು ಬುಕ್‌ಶೆಲ್ಫ್ ಸ್ಪೀಕರ್ ತಂದೆವು. ಅಂಗಡಿಯಲ್ಲಿ ಸೊಗಸಾಗಿತ್ತು. ಮನೆಯಲ್ಲಿ ಬೇಸ್ ಇಲ್ಲವೇ ಇಲ್ಲ, ಹಾಡುವವರ ದನಿ ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯುವುದಿಲ್ಲ. ಸ್ಪೀಕರ್‌ಗಳು ಟಿವಿ ಷೋಕೇಸ್‌ನ ಒಳಗಿವೆ. ದುಬಾರಿ ಕೇಬಲ್ ಹಾಕಿಸಿ ಅಂತಾರೆ. ಹಾಕಿಸೋದಾ?

ಉತ್ತರ: ಬೇಡ. ಬೇಸ್ ಮಾಯ, ದನಿಗೆ ಜಾಗವೇ ಇಲ್ಲ, ಈ ಎರಡೂ ಒಟ್ಟಿಗೆ ಬಂದರೆ ಒಂದು ಸ್ಪೀಕರ್‌ನ ಪ್ಲಸ್ ಮೈನಸ್ ಅದಲುಬದಲಾಗಿರುವ ಸಾಧ್ಯತೆ ಜಾಸ್ತಿ. ಆಗ ಒಂದರ ಕೋನ್ (ಅಲುಗಿ ಸದ್ದು ಮಾಡುವ ಭಾಗ) ಮುಂದೆ ಬರುವಾಗ ಇನ್ನೊಂದರದ್ದು ಹಿಂದೆ ಹೋಗುತ್ತದೆ, ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಳ್ಳುತ್ತದೆ, ಬೇಸ್ ಅಲ್ಲೇ ಕರಗಿಹೋಗುತ್ತದೆ.

ಆಂಪ್ಲಿಫೈಯರ್ ಆಫ್ ಮಾಡಿ ವೈರ್ ನೋಡಿ. ಒಂದು ಎಳೆಯ ಮೇಲೆ ಗೆರೆಯೋ ಬಣ್ಣವೋ ಇರುತ್ತದೆ. ಅದು ಎರಡೂ ತುದಿಯಲ್ಲಿ ಕೆಂಪು ಟರ್ಮಿನಲ್‌ಗೇ ಹೋಗಬೇಕು. ತುದಿಯನ್ನು ಒಂದು ಸೆಂಟಿಮೀಟರ್ ಸುಲಿದು, ಬಿಗಿಯಾಗಿ ಹುರಿ ಮಾಡಿ ಸಿಕ್ಕಿಸಿ. ಕೂದಲಿನಷ್ಟು ತೆಳ್ಳನೆ ತಂತಿಯೊಂದು ಹೊರಗೆ ಉಳಿದು ಪಕ್ಕದ ಟರ್ಮಿನಲ್‌ಗೆ ತಾಗಿದರೂ ಶಾರ್ಟ್ ಆಗಿ ಆಂಪ್ಲಿಫೈಯರ್ ಸುಟ್ಟುಹೋಗಬಹುದು, ಇದರಲ್ಲಿ ಅವಸರ ಬೇಡವೇ ಬೇಡ.

ವೈರ್ ಗೋಡೆಯೊಳಗೆ ಹೋಗಿದೆಯಾ? ಹಾಗಾದರೆ ಆಂಪ್ಲಿಫೈಯರ್‌ನಿಂದ ಬಿಚ್ಚಿ, 1.5 ವೋಲ್ಟ್‌ನ ಪೆನ್ಸಿಲ್ ಸೆಲ್ ಅನ್ನು ಆ ತುದಿಗಳಿಗೆ ಒಂದು ಕ್ಷಣ ಮುಟ್ಟಿಸಿ ತೆಗೆಯಿರಿ. ದೊಡ್ಡ ಕೋನ್ ಟಕ್ ಅಂತ ಅಲುಗುತ್ತದೆ. ಎರಡು ಸ್ಪೀಕರ್‌ಗೂ ಒಂದೇ ರೀತಿ ಮುಟ್ಟಿಸಿದಾಗ ಎರಡೂ ಒಂದೇ ಕಡೆಗೆ ಅಲುಗಬೇಕು. ಸರಿಮಾಡಿದ ಮೇಲೆ ಫೋನ್ ಸೆಟ್ಟಿಂಗ್ಸ್‌ನಲ್ಲಿ ಮೋನೋ ಆಡಿಯೋ (ಎರಡೂ ಸ್ಪೀಕರ್‌ಗೆ ಒಂದೇ ಸದ್ದು) ಆನ್ ಮಾಡಿ ಯಾರಾದರೂ ಮಾತಾಡುವುದನ್ನು ಕೇಳಿಸಿಕೊಳ್ಳಿ. ದನಿ ಎರಡು ಸ್ಪೀಕರ್‌ಗಳ ನಟ್ಟನಡುವೆ ನಿಲ್ಲುತ್ತದೆ.

ಇನ್ನು ಕೇಬಲ್. 1 ಸ್ಕ್ವೇರ್ ಎಂಎಂ ತಾಮ್ರದ ವೈರ್ 5 ಮೀಟರ್ ಎಳೆದರೆ ಹೋಗಿ ಬರುವ ಒಟ್ಟು ರೆಸಿಸ್ಟೆನ್ಸ್, ಅಂದರೆ ಕರೆಂಟ್‌ಗೆ ಒಡ್ಡುವ ಅಡ್ಡಿ, ಸುಮಾರು 0.17 ಓಮ್, 2.5 ಸ್ಕ್ವೇರ್ ಎಂಎಂ ಆದರೆ 0.07. ನಿಮ್ಮದು 8 ಓಮ್ ಸ್ಪೀಕರ್ ಆಗಿದ್ದರೆ ಅದರ 5 ಪರ್ಸೆಂಟ್, ಅಂದರೆ 0.4 ಓಮ್ ದಾಟದಿದ್ದರೆ ಸಾಕು. ಎಲೆಕ್ಟ್ರಿಕಲ್ ಅಂಗಡಿಯ ಮಾಮೂಲಿ ವೈರೇ ಧಾರಾಳ ಆಯ್ತು. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ್ದನ್ನು ಮಾತ್ರ ಬಿಟ್ಟು ಪೂರ್ತಿ ತಾಮ್ರದ್ದೇ ಕೇಳಿ ತನ್ನಿ.

ಆ ದುಡ್ಡಲ್ಲಿ ಎರಡು ಸ್ಟ್ಯಾಂಡ್ ಮಾಡಿಸಿ, ಸ್ಪೀಕರ್‌ಗಳನ್ನು ಷೋಕೇಸ್‌ನಿಂದ ಹೊರಗೆ ತನ್ನಿ. ಅಂಗಡಿಯಲ್ಲಿ ಬಹುಶಃ ಹಾಗೇ ಇಟ್ಟಿದ್ದರು ಅಲ್ವಾ? ಮರದ ಗೂಡಿನೊಳಗೆ ದನಿ ಗುಂಯ್‌ಗುಟ್ಟುತ್ತದೆ. ಎರಡರ ನಡುವೆ 2 ಮೀಟರ್ ಬಿಡಿ, ನೀವೂ ಅಷ್ಟೇ ದೂರ ಕೂರಿ, ಟ್ವೀಟರ್ (ಕೀಚು ದನಿ ಹೊರಡಿಸುವ ಚಿಕ್ಕ ಘಟಕ) ಕಿವಿಯ ಮಟ್ಟಕ್ಕಿರಲಿ. ಗೋಡೆಯಿಂದ ಒಂದಡಿ ಮುಂದೆ ಇಟ್ಟು ಶುರು ಮಾಡಿ, ಆಮೇಲೆ ನಾಲ್ಕು ನಾಲ್ಕು ಬೆರಳು ಸರಿಸುತ್ತಾ ಕೇಳಿ. ಗೋಡೆಗೆ ಹತ್ತಿರವಾದಷ್ಟೂ ಬೇಸ್ ಜಾಸ್ತಿ, ಮೂಲೆಗೆ ನೂಕಿದರೆ ಅತಿಯಾಗಿ ಮಾತೇ ಮಸುಕಾಗುತ್ತದೆ. ಟೈಲ್ಸ್ ನೆಲ ಆಗಿದ್ದರೆ ಮುಂದೆ ಒಂದು ದಪ್ಪ ಜಮಖಾನ ಹಾಸಿ.

ಪ್ರಶ್ನೆ: ಹಳೇ ಸ್ಪೀಕರ್ ಜೋಡಿಯನ್ನೂ ಇದೇ ಟರ್ಮಿನಲ್‌ಗೆ ಸೇರಿಸಬಹುದಾ?

ಉತ್ತರ: 8 ಓಮ್‌ನ ಎರಡನ್ನು ಹೀಗೆ ಒಂದೇ ಟರ್ಮಿನಲ್‌ಗೆ (ಪ್ಯಾರಲಲ್ ಆಗಿ) ಸೇರಿಸಿದರೆ 4 ಓಮ್ ಆಗುತ್ತದೆ. ಆಂಪ್ಲಿಫೈಯರ್ ಹಿಂಭಾಗದಲ್ಲಿ ಕನಿಷ್ಠ ಎಷ್ಟು ಓಮ್ ಅಂತ ಬರೆದಿರುತ್ತದೆ. ಅಲ್ಲಿ 4 ಅಂತ ಇದ್ದರೆ ಸೇರಿಸಿ. 8 ಅಂತ ಮಾತ್ರ ಇದ್ದರೆ ಆಂಪ್ಲಿಫೈಯರ್ ಬಿಸಿಯಾಗಿ ಕೆಡಬಹುದು, ಸೇರಿಸಬೇಡಿ.